ಟಿಚ್ ಬಟನ್ನಿನ ಗಡಿಯಾರ

ಸ್ವೀಟ್ ಡಬ್ಬಿಯ ಮುಚ್ಚಳದ ಮೇಲೆ ತಟ್ಟೆ ಕವುಚಿ
ದುಂಡಗೆ ಕತ್ತರಿಸಿ, ನಡುವೆ ಒಂದು ಟಿಚ್ ಬಟನ್ ಒತ್ತಿದೆ.
ಫ್ಯಾಕ್ಟರಿಯದು. ಕದ್ದದ್ದಲ್ಲ,
ಮಿಷನ್ನಿನ ಕೆಳಗೆ ಬಿದ್ದಿತ್ತು.
ಸರಿ, ಕದ್ದದ್ದೇ ಅನ್ನಿ.

ಇವು ಎರಡು ಮುಳ್ಳು, ಅಂದೆ.
ಲೇಖನಾ ಕೈ ಹಿಂದೆಳೆದಳು.
ಹೋದ ವಾರವಷ್ಟೇ ರೈಲು ಗೇಟಿನ ಹತ್ತಿರ
ಹಿಮ್ಮಡಿಗೆ ನೆಟ್ಟ ಜಾಲಿಮುಳ್ಳನ್ನು
ಬಳೆಯ ಪಿನ್ನಿನಲ್ಲಿ ತೆಗೆದಿದ್ದೆ.
ಚುಚ್ಚಲ್ಲ ಪುಟ್ಟಿ, ರಟ್ಟು ಇದು.
ಗಿಡ್ಡದ್ದು ಗಂಟೆ, ಉದ್ದದ್ದು ನಿಮಿಷ.
"ಗಿಡ್ಡದ್ದೇ ದೊಡ್ಡದಾ?"
ಹೌದು. ನಮ್ಮ ಸೂಪರ್‌ವೈಸರ್ ನೋಡಿದೀಯಲ್ಲ, ಹಾಗೆ.

ಉದ್ದದ್ದು ಒಂದರ ಮೇಲೆ ನಿಂತರೆ ಐದು,
ಎರಡರ ಮೇಲೆ ಹತ್ತು.
"ಒಂದು ಅಂತ ಬರೆದಿರೋದನ್ನ ಐದು ಅಂತ ಓದಿದ್ರೆ
ಮಿಸ್ ತಪ್ಪು ಹಾಕ್ತಾರೆ."
ಇಪ್ಪತ್ತೊಂಬತ್ತು ವರ್ಷ ನನಗಿದು ಹೊಳೆದಿರಲಿಲ್ಲ.
ಐದರ ಮಗ್ಗಿ ಹೇಳಿಸಿದೆ.
ಅಂಕಿ ಅಂಕಿಯ ನಡುವೆ ನಾಲ್ಕು ನಾಲ್ಕು ಅಕ್ಕಿಕಾಳು ಇಟ್ಟೆ,
ಕಾಳೊಂದಕ್ಕೆ ನಿಮಿಷವೊಂದು.
ಐದೇಳಲಿ ಮೂವತ್ತೈದು ಅನ್ನುವಷ್ಟರಲ್ಲಿ
ಇರುವೆಯೊಂದು ಬಂದು
ಒಂದು ನಿಮಿಷವನ್ನು ಎತ್ತಿಕೊಂಡು
ಬಾಗಿಲ ಸಂದಿಗೆ ಹೋಯಿತು.
ಅವತ್ತಿನ ಪಾಠ ಅಲ್ಲಿಗೇ. ಇಬ್ಬರೂ ಇರುವೆಯ ಹಿಂದೆ.

ಒಂಬತ್ತೂಕಾಲು ಅಂದರೆ ನಗು ತಡೆಯದು.
"ಒಂಬತ್ತು ಕಾಲಾ? ಜೇಡಕ್ಕೇ ಎಂಟಲ್ವಾ!"
ಮುಕ್ಕಾಲು ಅಂದಾಗ
ಜುಲಿಯಾನಾ ಬಾಯಿಯ ಮನೆ ನಾಯಿ ಥರ
ನೆಲಕ್ಕೆ ಕೈಯೂರಿ, ಒಂದು ಕಾಲೆತ್ತಿ,
ಅಡಿಗೆಮನೆವರೆಗೂ ಕುಂಟಿ ತೋರಿಸಿದಳು.
ಒಂಬತ್ತೂವರೆ ಮಾತ್ರ ಯಾಕೋ ತಾನಾಗಿಯೇ ಬಂತು.
ದೋಸೆ ಮಡಚಿದ ಹಾಗಂತೆ.

ಕಷ್ಟವಾದದ್ದು ಗೋಡೆಯ ಗಡಿಯಾರ.
ಹತ್ತು ನಿಮಿಷ ಮುಂದಿಟ್ಟಿದ್ದೇನೆ,
ಮಾಚೇನಹಳ್ಳಿಯ ಬಸ್ಸು ತಪ್ಪಬಾರದು ಅಂತ.
ಆರು ವರ್ಷದವಳಿಗೆ ಹೇಗೆ ಹೇಳುವುದು,
ಇದು ಸುಳ್ಳು ಅಂತ ಗೊತ್ತಿದ್ದೂ
ದಿನಾ ಬೆಳಿಗ್ಗೆ ಅಮ್ಮ ಓಡುತ್ತಾಳೆ ಅಂತ?
"ಹಂಗಾದ್ರೆ ನಿಜವಾದ ಗಂಟೆ ಎಲ್ಲಿರುತ್ತೆ?"
ಮೊಬೈಲಲ್ಲಿ, ಅಂದೆ.
ಅದಕ್ಕೆ ಮುಳ್ಳಿಲ್ಲ. ಅವಳಿಗೆ ಹಿಡಿಸಲಿಲ್ಲ.

ಹನ್ನೊಂದು ದಿನ ಹಿಡಿಯಿತು.
ಆಮೇಲೆ ಬಾಯಿ ಮುಚ್ಚಿಸಲಾಗಲಿಲ್ಲ.
ತಾಳಗುಪ್ಪದ ರೈಲು ಕೂಗಿದರೆ ಓಡಿಹೋಗಿ ನೋಡುವಳು.
ಕುಕ್ಕರ್ ಕೂಗಿದರೂ. ಪಕ್ಕದ ಮನೆಯವರು ಜಗಳ ಶುರು ಮಾಡಿದರೂ.
"ಅಮ್ಮಾ, ಎಂಟೂಕಾಲಿಗೆ ಇನ್ನ ಎರಡು ಕಾಳು!"
ಬೀದಿಯಲ್ಲಿ ಯಾರೂ ಕೇಳದಿದ್ದರೂ ಹೇಳುವಳು,
ಹಾಲಿನವನಿಗೂ, ಮೀಟರ್ ನೋಡಲು ಬಂದವನಿಗೂ.

ಮೊನ್ನೆ ಓವರ್‌ಟೈಮ್.
ಆರೂಕಾಲಿಗೆ ಬರ್ತೀನಿ ಅಂದಿದ್ದೆ.
ಮೊದಲೂ ಎಷ್ಟೋ ಸಲ ಅಂದಿದ್ದೇನೆ.
ಆಗೆಲ್ಲ ನಾನು ಬಂದಾಗ ಎಷ್ಟೋ, ಅದೇ ಆರೂಕಾಲು.

ಬಾಯಿಯ ಮನೆಯ ಮೆಟ್ಟಿಲಲ್ಲಿ
ರಟ್ಟಿನ ಗಡಿಯಾರ ತೊಡೆಯ ಮೇಲಿಟ್ಟು ಕೂತಿದ್ದಳು.
ಅಳಲಿಲ್ಲ. ಒಳಗಿನ ಗೋಡೆಯತ್ತ ಬೆರಳು ತೋರಿಸಿ
"ಏಳಕ್ಕೆ ಐದು. ನಲವತ್ತು ಕಾಳು ಲೇಟು" ಅಂದಳು,
ಗೇಟಿನಲ್ಲಿ ನಮ್ಮ ಕಾರ್ಡು ನೋಡುವವನ ದನಿಯಲ್ಲಿ.

ಕಾಯುವುದಕ್ಕೂ ಅಳತೆಯಿದೆ ಅಂತ
ಕಲಿಸಿದವಳು ನಾನೇ.
ಬಟನ್ ಒತ್ತಿದ್ದೂ ನಾನೇ.

ಹೊತ್ತು ಮೀರಿತ್ತು. ಹೊತ್ತುಕೊಂಡೆ.
ಎತ್ತಿಕೊಳ್ಳುವ ವಯಸ್ಸಲ್ಲ, ಭಾರ,
ಒಂದು ಚಪ್ಪಲಿ ಅಲ್ಲೇ ಉಳಿಯಿತು.
ನಮ್ಮ ಬಾಗಿಲಿಗೆ ಬೀಗದಕೈ ಹುಡುಕುವಾಗ
ಕಿವಿಯ ಹತ್ತಿರ ಕಿರ್ ಅಂತ ಸದ್ದು.
ಉದ್ದ ಮುಳ್ಳನ್ನು ಹನ್ನೊಂದರಿಂದ
ಹಿಂದಕ್ಕೆ, ಹಿಂದಕ್ಕೆ, ಮೂರಕ್ಕೆ ತಂದು ನಿಲ್ಲಿಸಿ
"ಈಗ ಬಂದೆ ನೀನು" ಅಂದಳು.

ಗಿಡ್ಡದ್ದನ್ನೂ ಒಂಚೂರು ಸರಿಸು ಪುಟ್ಟಿ, ಅಂದೆ.
ಇಲ್ದಿದ್ರೆ ತಪ್ಪಾಗುತ್ತೆ.