ನೋವಿನ_ಜಾಗ

ತುಜ್ಲಾ ಊರಿನ ಕೃತಕ ಕಾಲುಗಳ ಕಾರ್ಯಾಗಾರದಲ್ಲಿ
ಸೋಮವಾರ ಎಂಟೂ ಹತ್ತಕ್ಕೆ
ಫಾರ್ಮ್ ತೆರೆಯಲಿಲ್ಲ.

ಎರಡು ಸಲ ಒತ್ತಿದರೆ ಪುಟ್ಟದೊಂದು ಬೂದು ಪೆಟ್ಟಿಗೆ ಎದ್ದು ನಿಂತು
ಮುನೆವೆರಾಳನ್ನು ಕೇಳುತ್ತದೆ:
ನೋವಿನ_ಜಾಗ?
ಕೆಳಗೆ ಬರೆಯಲೊಂದು ಖಾಲಿ ಗೆರೆ. ಸರಿ. ರದ್ದು.
ಸರಿ ಅಂದರೆ ಹೆಸರಿಲ್ಲದ ಬಿಳಿ ಫಾರ್ಮು,
ರದ್ದು ಅಂದರೆ ಅದೂ ಇಲ್ಲ.

ಎಲ್ವೆದಿನ್ ಬಂದ, ಕತ್ತಿನಲ್ಲಿ ಹೆಡ್‌ಫೋನು.
ಯಂತ್ರ ಆರಿಸಿ ಹೊತ್ತಿಸಿದ.
ಬೀಗ ಹಿಡಿದು ಕೂತಿದ್ದ ಪುಡಿ ಫೈಲನ್ನು ಅಳಿಸಿದ.
ದುರಸ್ತಿ ಎಂಬ ಗುಂಡಿ ಒತ್ತಿ ಕಾಫಿಗೆ ಹೋಗಿ ಬಂದ.
ಅರವತ್ತನಾಲ್ಕು ಬಿಟ್ಟಿನ ಎತ್ತಿಗೆ ಮೂವತ್ತೆರಡರ ನೊಗ ಕೂರದು ಅಂದ;
ಕೂತಿತ್ತಲ್ಲ, ಶುಕ್ರವಾರದವರೆಗೂ.
ಟೇಬಲ್ಲು ನೇರ ತೆರೆದರೆ ಎಲ್ಲರೂ ಇದ್ದಾರೆ,
ಸಾವಿರದ ನಾನ್ನೂರ ಆರು ಮಂದಿ,
ಎಡ, ಬಲ, ಮೊಣಕಾಲಿಗೆ ಮೇಲೆ, ಕೆಳಗೆ,
ಸುತ್ತಳತೆ ಮಿಲಿಮೀಟರಿನಲ್ಲಿ.
ಫಾರ್ಮಿಗೆ ಮಾತ್ರ ಒಬ್ಬರೂ ಕಾಣರು.

ಬೆಂಚಿನ ಮೇಲೆ ರಾಗಿಬ್, ಹಳೇ ಗಣಿಯವನು,
ಕಲ್ಲಿದ್ದಲ ಬೋಗಿ ಅವನ ಲೆಕ್ಕ ಚುಕ್ತಾ ಮಾಡಿ ಮೂವತ್ತು ವರ್ಷ.
ಅವನ ಅಳತೆ ಸಿಗದೆ ಪ್ಲಾಸ್ಟರು ಕಲಸುವಂತಿಲ್ಲ.
"ಮಗಳೇ," ಅಂದ, "ಹೆಬ್ಬೆರಳು ತುರಿಸ್ತಿದೆ."
ಯಾವ ಕಾಲಿನದೆಂದು ಅವಳು ಕೇಳಲಿಲ್ಲ.
ಕುಕ್ಕರುಗಾಲಲ್ಲಿ ಕೂತು,
ಪಿನ್ನು ಹಾಕಿ ಮಡಿಸಿದ ಪ್ಯಾಂಟಿನ ಕೆಳಗೆ
ನೆಲಕ್ಕೆ ನಾಲ್ಕು ಬೆರಳು ಮೇಲೆ
ಗಾಳಿಯನ್ನು ಉಗುರಲ್ಲಿ ಕೆರೆದಳು.
"ಒಂಚೂರು ಒಳಗೆ."
ಕೆರೆದಳು.
"ಹಾಂ."

ಕೂತಲ್ಲಿಂದಲೇ ಕತ್ತು ತಿರುಗಿಸಿದಳು:
ಎಲ್ವೆದಿನ್, ಶುಕ್ರವಾರ ಏನು ಕತ್ತರಿಸಿದೆ?

ಏನೂ ಇಲ್ಲ.
ಆಮೇಲೆ, ಒಂದು ಕಾಲಂ. ಖಾಲಿ ಇತ್ತು. ಧೂಳು ಹೊಡೆದೆ, ಅಷ್ಟೆ.
ಕಾಲಲ್ಲವಲ್ಲ, ಬರೀ ಕಾಲಂ.

ಖಾಲಿ ಇರಲಿಲ್ಲ.
ಫಿಕ್ರೆತ್ ಇದನ್ನು ಕಟ್ಟಿದ ಮೊದಲ ಚಳಿಗಾಲ
ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಿದ್ದ,
ಇಲ್ಲದ ಕಡೆ ಎಲ್ಲಿ ನೋಯುತ್ತೆ?
ಹಿಮ್ಮಡಿ. ಕಿರುಬೆರಳ ಸಂದಿ.
ಬೂಟಿನೊಳಗೆ ಕಲ್ಲು, ಎಂದು ಬರೆಸಿದ್ದಳು ಒಬ್ಬ ಹೆಂಗಸು,
ಕೊಡವಲು ಬೂಟು ಎಲ್ಲಿದೆ?
ಹನ್ನೊಂದು ಸಾಲು. ಆಮೇಲೆ ಬಾಗಿಲಾಚೆ ಸರತಿ ಬೆಳೆಯಿತು,
ಕೇಳುವುದು ನಿಂತಿತು.

ಎಲ್ವೆದಿನ್ ನೋಡಿದ್ದು ಕೆಳಗಿನಿಂದ.
ಹುಡುಗನ ಕಿವಿ ಕೆಂಪಾಯಿತು.
ಕ್ವೆರಿಯಲ್ಲೂ ಆ ಹೆಸರು ತೆಗೆದರಾಯಿತು ಬಿಡಿ, ಮತ್ತೆ ಕೇಳಲ್ಲ ಅದು,
ಒಂದೇ ನಿಮಿಷ.

ಆಗುತ್ತಿತ್ತು. ಒಂದೇ ನಿಮಿಷದ ಕೆಲಸ.
ಅವಳು ಮಂಡಿ ಹಿಡಿದು ಎದ್ದಳು.
ವಾಪಸು ಹಾಕು. ಅದೇ ಹೆಸರು. ನಡುವಿನ ಅಡಿಗೆರೆ ಮರೀಬೇಡ.
ಒಳಗೆ ಏನೂ ಇರಲ್ಲ ಅಕ್ಕ.
ಗೊತ್ತು.

ಫಾರ್ಮ್ ತೆರೆಯಿತು, ಏನೂ ಆಗಿಲ್ಲವೆಂಬಂತೆ.
ಸಾವಿರದ ನಾನ್ನೂರ ಆರರಲ್ಲಿ ಒಂಬೈನೂರ ಎರಡನೆಯವನು ರಾಗಿಬ್.
ಎಲ್ಲಿ ನೋಯುತ್ತೆ? ಹುಡುಗನೇ ಕೇಳಿದ,
ಬೆರಳು ಕೀಲಿಮಣೆಯ ಮೇಲೆ.

"ಈಗಲಾ?" ಮುದುಕ ಯೋಚಿಸಿದ.
"ಈಗ ಎಲ್ಲೂ ಇಲ್ಲ.
ನೀನು ತಡ ಮಾಡಿದೆ."