ಸೊನ್ನೆ ಬರೆಯುವವಳು

ಸೇತುವೆಯ ಮೂರನೆಯ ಕಂಬಕ್ಕೆ ಬಡಿದ
ಬಿಳಿ ಎನಾಮಲ್ ಪಟ್ಟಿ ಓದುವುದು ನನ್ನ ಕೆಲಸ.
ದಿನಕ್ಕೊಂದು ಸಲ, ಬೆಳಿಗ್ಗೆ ಏಳಕ್ಕೆ.
ಜೂನ್ ಹನ್ನೊಂದರಿಂದ ಬರೆಯುತ್ತಿದ್ದೇನೆ
ಸೊನ್ನೆ, ಸೊನ್ನೆ, ಸೊನ್ನೆ,
ಕೋಳಿಮೊಟ್ಟೆ ಜೋಡಿಸಿದ ಹಾಗೆ ಪುಟದ ತುಂಬ.

ಕಾಲ್ಯರಿಯ ಕಚೇರಿಯಿಂದ ಫೋನು:
"ಸಿಸಿನ್ನಿಯಾ, ನದಿ ಇದೆಯಾ?"
ಇದೆ.
"ನೀರು?"
ಅದು ಬೇರೆ ಪ್ರಶ್ನೆ.

ರಿಯು ಅರ್ಜೋಲಕ್ಕೆ ಬೇಸಿಗೆಯಲ್ಲಿ ಕಲ್ಲೇ ಮೈ.
ಬೆಣಚು, ಉರುಟು, ಮೇಲಿನ ಗುಡ್ಡದ ಕೆಂಪು ಗ್ರಾನೈಟು.
ನಡುವೆ ಯಾರೂ ನೆಡದ ಕಣಗಿಲೆ,
ನೀರು ಹೋಗಬೇಕಾದ ದಾರಿಯಲ್ಲೇ ಸಾಲಾಗಿ ನಿಂತು
ಗುಲಾಬಿ ಬಣ್ಣದಲ್ಲಿ ಹರಿಯುತ್ತದೆ ಸಮುದ್ರದ ವರೆಗೆ.
ಆಡು ಮುಟ್ಟುವುದಿಲ್ಲ. ವಿಷವೆಂದು ಆಡಿಗೆ ಗೊತ್ತು;
ಪಟ್ಟಣದಿಂದ ಬಂದವರಿಗೆ ಪ್ರತಿ ವರ್ಷ ಹೇಳಬೇಕು.

ದಡದ ಮೇಲೆ ಬೆಂಡಿನ ಓಕ್ ಮರಗಳು
ಹೋದ ವರ್ಷ ತೊಗಟೆ ಸುಲಿಸಿಕೊಂಡು
ಸೊಂಟದಿಂದ ಕೆಳಗೆ ಇಟ್ಟಿಗೆಗೆಂಪು.
ಒಂದೊಂದರ ಮೈಮೇಲೂ ಬಕೀಸಿಯೊ ಬಳಿದ ಬಿಳಿಯ ನಾಲ್ಕು.
ಇನ್ನು ಒಂಬತ್ತು ವರ್ಷ ಯಾರೂ ಮುಟ್ಟುವಂತಿಲ್ಲ.
ಬಕೀಸಿಯೊಗೆ ಎಪ್ಪತ್ತಾರು.
ಅವನು ಲೆಕ್ಕ ಹಾಕುವುದಿಲ್ಲ,
ನಾನು ಹಾಕುತ್ತೇನೆ.

ಅಮ್ಮ ಇಲ್ಲಿ ಉಣ್ಣೆ ತೊಳೆಯುತ್ತಿದ್ದಳು, ಜುಲೈನಲ್ಲಿ.
ಜುಲೈನಲ್ಲಿ!
ಈಗ ಮೇಲೆ ಆರ್ಟಿಚೋಕ್ ತೋಟಕ್ಕೆ ರಾತ್ರಿಯೆಲ್ಲ ಪಂಪು.
ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಕೊನೆಯ ಮಡು ಹಳೆಯ ಗಿರಣಿಯ ಕೆಳಗೆ,
ಎರಡು ಚಾಪೆ ಹಾಸಿದಷ್ಟು.
ಬತ್ತಿದಷ್ಟೂ ಅಲ್ಲಿ ಒಕ್ಕಲು ಹೆಚ್ಚು:
ಆಮೆ ಮೂರು, ಕಪ್ಪೆ ಲೆಕ್ಕವಿಲ್ಲ,
ಲಾಳಕಡ್ಡಿಯ ತುದಿಗೆ ಕೆಂಪು ಏರೋಪ್ಲೇನ್ ಚಿಟ್ಟೆ.
ಸಂಜೆ ಕಾಡುಹಂದಿ ಬಂದು ಕೆಸರು ಮೆತ್ತಿಕೊಂಡು
ತಮಾರಿಸ್ಕಿನ ಕಾಂಡಕ್ಕೆ ಮೈಯುಜ್ಜಿ
ತನ್ನ ಎತ್ತರ ಬರೆದಿಟ್ಟು ಹೋಗುತ್ತದೆ.
ಎಲ್ಲಕ್ಕೂ ಅಡಿಯಲ್ಲಿ, ಕಲ್ಲಿನ ಸಂದಿಯಲ್ಲಿ
ನನ್ನ ತೋಳಿನ ಗಾತ್ರದ ಹಾವುಮೀನು.

ಹನ್ನೆರಡು ವರ್ಷದಿಂದ ಅದೇ ಎನ್ನುತ್ತಾನೆ ಬಕೀಸಿಯೊ.
ಈ ವರ್ಷ ಹೊಟ್ಟೆ ಬೆಳ್ಳಿಯಾಗಿದೆ, ಕಣ್ಣು ದೊಡ್ಡದಾಗಿದೆ.
ಹೊರಟವರ ಕಣ್ಣು.
ಉಣ್ಣುವುದನ್ನೂ ಬಿಟ್ಟಿದೆ; ನಾನು ಹಾಕಿದ ಎರೆಹುಳ
ಹಾಗೇ ಅದರ ಮುಖದ ಮುಂದೆ ಇಳಿದುಹೋಗುತ್ತದೆ.
ಆದರೆ ದಾರಿ?
ಐದು ಕಿಲೋಮೀಟರು ಒಣ ಕಲ್ಲು, ಆಮೇಲೆ ಹಿನ್ನೀರು,
ಆಮೇಲೆ ಅಳಿವೆಗೆ ಅಡ್ಡ
ಸಮುದ್ರ ಬೇಸಿಗೆಯುದ್ದ ತಂದು ಸುರಿದ ಮರಳಿನ ಹೊಸ್ತಿಲು.

ಆಗಸ್ಟ್ ಕೊನೆಗೆ ದಡದ ಮಣ್ಣಿನ ತೂತುಗಳನ್ನು ಬಿಟ್ಟು
ಕಳ್ಳಿಪೀರಗಳು ಆಫ್ರಿಕಾಕ್ಕೆ ಹೋದವು.
ಅವಕ್ಕೇನು, ಮೇಲಿನ ದಾರಿ.

ಅಕ್ಟೋಬರ್ ಹತ್ತೊಂಬತ್ತರ ರಾತ್ರಿ. ಇಲ್ಲೊಂದು ಹನಿ ಬಿದ್ದಿಲ್ಲ.
ಗುಡ್ಡದ ಹಿಂದೆಲ್ಲೋ ಮಿಂಚು, ಸದ್ದಿಲ್ಲದೆ.
ಮೊದಲು ಬಂದದ್ದು ನೀರಲ್ಲ, ವಾಸನೆ:
ಮಿರ್ತದ ಎಲೆ, ಕುರಿಹಿಕ್ಕೆ, ನೆನೆದ ಧೂಳು.
ಆಮೇಲೆ ಸದ್ದು,
ಕತ್ತಲಲ್ಲಿ ಯಾರೋ ಅಕ್ರೋಟದ ಮೂಟೆ ಎಳೆದ ಹಾಗೆ,
ಕಲ್ಲು ಕಲ್ಲಿಗೆ ತಾಗಿ.
ಆಮೇಲೆ ಕಂದು ನಾಲಗೆ; ತುದಿಗೆ ನೊರೆ, ನೊರೆಯ ಮೇಲೆ ಕಸ,
ಒಂದು ನೀಲಿ ಚಪ್ಪಲಿ.
ಕಣಗಿಲೆಯ ಬುಡಗಳನ್ನು ಒಂದೊಂದಾಗಿ ತಡವಿ
ಎಣಿಸಿಕೊಂಡು ಬಂತು.

ಟಾರ್ಚ್ ಹಿಡಿದೆ. ಹನ್ನೆರಡು.
ಮೂವತ್ತು.
ಎಪ್ಪತ್ತೆಂಟು.
ಬಕೀಸಿಯೊ ಮಲಗಿದ ಬಟ್ಟೆಯಲ್ಲೇ ಬಂದು ಪಕ್ಕ ನಿಂತ.
ಮಾತಾಡಲಿಲ್ಲ. ಟೋಪಿ ತೆಗೆದ.

ಬೆಳಿಗ್ಗೆ ಮಡು ಇದ್ದ ಜಾಗ ಹುಡುಕಿದೆ. ಜಾಗವೇ ಇಲ್ಲ.
ಅಳಿವೆಯಲ್ಲಿ ಹೊಸ್ತಿಲು ಒಡೆದು
ಸಮುದ್ರದ ನೀಲಿಯೊಳಗೆ ಅರ್ಧ ಮೈಲಿ ಮಣ್ಣುಬಣ್ಣ.
ಏಳಕ್ಕೆ ಫೋನು. "ಎಷ್ಟು?"
ಒಂದು ಮೀಟರು ಅರವತ್ತು ಅಂದೆ.
"ಮತ್ತೇನಾದರೂ?"
ಹೋಯಿತು ಅನ್ನಬೇಕೆಂದು ಬಾಯಿ ತೆರೆದೆ.
ಕಂಡವಳಲ್ಲವಲ್ಲ.
ಇಲ್ಲ ಅಂದೆ.

ಒದ್ದೆಯಾದ ಪುಸ್ತಕ ಸೇತುವೆಯ ಕಟ್ಟೆಯ ಮೇಲೆ ಆರಲಿಟ್ಟೆ.
ಮಾಯೆಸ್ತ್ರಾಲೆ ಗಾಳಿ ಜುಲೈ ತೆರೆಯಿತು, ಮುಚ್ಚಿತು.
ಮೇಲೊಂದು ಕಲ್ಲು ಹೇರಿದೆ.
ರಾತ್ರಿ ಗುಡ್ಡದಿಂದ ಇಳಿದು ಬಂದದ್ದು,
ಇನ್ನೂ ತಣ್ಣಗಿತ್ತು.