ಮಂಡಿಪೇಟೆಯಲ್ಲಿ ಎರಡು ಮೆಷಿನ್ನು

ಲಗ್ನಪತ್ರಿಕೆಯ ಕಟ್ಟುಗಳನ್ನು ಮೊಣಕೈಯಲ್ಲೇ ಸರಿಸಿ
ಶಫಿಉಲ್ಲಾ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾನೆ
ಗಾಜಿನ ಮೇಜಿನ ಮೇಲೆ.
ಒಂದು ಬೆಳ್ಳಗೆ, ಮುಚ್ಚಳದ್ದು, ಬಾಲದಂತೆ ವೈರು.
ಇನ್ನೊಂದಕ್ಕೆ ಕಬ್ಬಿನ ಹಾಲಿನ ಗಾಡಿಯಲ್ಲಿರುವಂತೆ ಎರಡು ಉರುಳೆ,
ಪಕ್ಕಕ್ಕೊಂದು ತಿರುಗಿಸುವ ಹಿಡಿ.

"ಆಲ್ಬಮ್ಮಿಗೆ ತಾನೆ? ಬಿಳೀದು ತಗೊಳ್ಳಿ ಅಮ್ಮಾ,
ಫೋನಲ್ಲಿ ಹೂವು ಬರೆದರೆ ಕಾಗದದಲ್ಲಿ ಹೂವು."
ಒತ್ತಿದ. ಸೂಜಿಯಷ್ಟು ಬ್ಲೇಡು
ಹಲ್ಲಿಯ ಹಾಗೆ ಸರಸರ ಓಡಾಡಿತು.
ಐದೆಸಳು ಎದ್ದು ಬಂತು.

ನಾನು ಹೂವು ನೋಡಲಿಲ್ಲ, ಅಂಚು ನೋಡಿದೆ.
ಉಗುರು ತಾಗಿಸಿ ಸುತ್ತ ಎಳೆದೆ.
ಇಪ್ಪತ್ತಾರು ವರ್ಷದ ಚಾಳಿ:
ಗಡಿಯಾರದ ಕಾರ್ಖಾನೆ, ಪ್ರೆಸ್ ಸೆಕ್ಷನ್ನು,
ಕಾಲಡಿ ಪೆಡಲು, ಕೈಯಲ್ಲಿ ಹಿತ್ತಾಳೆ ಪಟ್ಟಿ,
ಠಪ್ಪೆಂದರೆ ಒಂದು ಚಕ್ರ, ಠಪ್ಪೆಂದರೆ ಇನ್ನೊಂದು,
ಯಾರದೋ ಮಣಿಕಟ್ಟಿನ ಹೊತ್ತು
ತಟ್ಟೆಗೆ ಸಾಸಿವೆಯಂತೆ ಬೀಳುತ್ತಿತ್ತು.

"ಕ್ಲಿಯರೆನ್ಸ್ ಎಷ್ಟಿದೆಯಪ್ಪಾ?" ಅಂದೆ.
"ಯುಗಾದಿಗೆ ಹಾಕ್ತೀವಿ ಅಮ್ಮಾ, ಹತ್ತು ಪರ್ಸೆಂಟು."

ಆಲ್ಬಮ್ಮು ನಮ್ಮ ಹದಿನಾಲ್ಕು ಜನದ್ದು.
ಗಂಗಹನುಮಕ್ಕನ ಗುರುತಿನ ಚೀಟಿ, ಅದರಲ್ಲಿ ಅವಳಿಗೆ ಇನ್ನೂ ಜಡೆ.
ಮೇರಿ ಸುಗುಣಾಳ ಓವರ್‌ಟೈಮ್ ಸ್ಲಿಪ್ಪುಗಳು.
ಖಮರುನ್ನೀಸಾ ಕೂಡಿಟ್ಟ ಕ್ಯಾಂಟೀನ್ ಟೋಕನ್ನು,
ಊಟಕ್ಕೆ ಕೆಂಪು, ಚಹಾಕ್ಕೆ ಹಸಿರು,
ಆ ಚಹಾ ಕುಡಿದವರಿಗೇ ಗೊತ್ತು ಹಸಿರು ಯಾಕೆಂದು.
ಎಲ್ಲಕ್ಕೂ ಒಂದೊಂದು ಚೌಕಟ್ಟು ಬೇಕು.
ಕತ್ತರಿ ಹಿಡಿದರೆ ಈಗ ಹೆಬ್ಬೆರಳು ನಡುಗುತ್ತದೆ.

ಬಿಳಿಯದು ಲಾಗಿನ್ ಆಗಿ ಎನ್ನುತ್ತದೆ ಪ್ರತಿ ಸಲ.
ಹಾಜರಿ ಹಾಕಿ ಹಾಕಿ ನನಗೆ ಸಾಕಾಗಿದೆ.
ಹಿಡಿಯದಕ್ಕೆ ಆರಿಂಚಿಗಿಂತ ಅಗಲ ಹೋಗದು,
ಗುಂಡಗೆ ಬೇಕೆಂದರೆ ಒಂದು ಡೈ, ಎಲೆಗೆ ಮತ್ತೊಂದು,
ಒಂದೊಂದೂ ಕಾಸಿನ ಬಾಬತ್ತು.
ಇವನು ಮೂರೇ ಇಟ್ಟಿದ್ದಾನೆ, ಮೂರೂ ಚಿಟ್ಟೆ.

ಆದರೂ ಹಿಡಿಯದನ್ನು ಎಳೆದುಕೊಂಡೆ.
ಕೆಳಗೊಂದು ಹಲಗೆ, ಕಾಗದ, ಬೋರಲು ಡೈ, ಮೇಲೊಂದು ಹಲಗೆ,
ಒಬ್ಬಟ್ಟಿಗೆ ಹೂರಣ ಮುಚ್ಚುವಷ್ಟು ಜೋಪಾನ.
ತಿರುವಿದೆ. ಕರಕ್ ಅಂತು.
ಶಫಿ ಹೌಹಾರಿ ಕೈ ಚಾಚಿದ.
ಒಡೆಯುವ ಸದ್ದೇ ಬೇರೆ ಮಗಾ,
ಇದು ದುಡಿಯುವ ಸದ್ದು.

ಆಮೇಲೆ ಬ್ಯಾಗಿನಿಂದ ತೆಗೆದೆ
ಗೇಣುದ್ದದ ಹಿತ್ತಾಳೆ ಪಟ್ಟಿ,
ಚಕ್ರಗಳು ಬಿದ್ದುಹೋದ ಮೇಲೆ ಉಳಿದ ಬರೀ ತೂತು.
ಗೇಟಿನಲ್ಲಿ ತಡವುವ ಸಾಕಮ್ಮನ ಕಣ್ಣು ತಪ್ಪಿಸಿ
ಚಿತ್ರಾನ್ನದ ಡಬ್ಬಿಯ ತಳದಲ್ಲಿ ಮನೆಗೆ ಬಂದದ್ದು.
ಇಷ್ಟು ವರ್ಷ ಬೀರುವಿನಲ್ಲಿ, ಸೀರೆಯ ಮಡಿಕೆಯಲ್ಲಿ.

"ಇದನ್ನಿಡು."
"ಇದು ಡೈ ಅಲ್ಲವಲ್ಲಮ್ಮಾ, ಗುಜರಿ."
"ಡೈ ಇದರ ಮೇಲೆ ಬಂದು ಹೋಗಿದೆ. ಇಡು.
ಕಾಗದದ ಅಡಿಗೆ ಆ ರಬ್ಬರ್ ಹಾಳೆ ಹಾಕು."

ತಿರುವಿದೆ, ಈ ಸಲ ನಿಧಾನ.
ಭುಜದವರೆಗೆ ಗೊತ್ತಾಯಿತು ಎಲ್ಲಿ ಹಿಡಿಯಿತು, ಎಲ್ಲಿ ಬಿಟ್ಟಿತು.
ಹಲಗೆ ಎತ್ತಿದರೆ ಕಾಗದ ತುಂಡಾಗಿರಲಿಲ್ಲ,
ಉಬ್ಬಿತ್ತು.
ತೂತಿದ್ದಲ್ಲೆಲ್ಲ ಒಂದೊಂದು ಗುಳ್ಳೆ,
ಎಣ್ಣೆಯಲ್ಲಿ ಆಗಷ್ಟೇ ಎದ್ದ ಪೂರಿಯ ಹಾಗೆ, ಸಾಲಾಗಿ ಹನ್ನೊಂದು.

ಏಳನೆಯದು ಕೂದಲೆಳೆಯಷ್ಟು ವಾರೆ.
ಸೆಕೆಂಡ್ ಶಿಫ್ಟು, ರಾತ್ರಿ ಹತ್ತಕ್ಕೆ ತೂಕಡಿಸಿದ್ದೆ,
ಬೆರಳು ಉಳಿದದ್ದೂ ಅಷ್ಟೇ, ಕೂದಲೆಳೆಯಷ್ಟರಲ್ಲಿ.
ಅಳೆದು ನೋಡಿ, ಕೆಂಪು ಬಳಿದು, ಡ್ರಮ್ಮಿಗೆ ಎಸೆದಿದ್ದರು.

ಶಫಿಯೂ ಬಗ್ಗಿ ಎಣಿಸಿದ.
ಏಳಕ್ಕೆ ಬೆರಳು ನಿಂತಿತು.
"ಬಿಳೀದರಲ್ಲಾದರೆ ಇದನ್ನ ನೆಟ್ಟಗೆ ಮಾಡಬಹುದಿತ್ತಮ್ಮಾ."

"ಗೊತ್ತು," ಅಂದೆ.
"ಇದಕ್ಕೆ ಎಷ್ಟು, ಸರಿಯಾಗಿ ಹೇಳು.
ಯುಗಾದಿವರೆಗೂ ನಾನು ಕಾಯಲ್ಲ."